ಪಕ್ಕದ ಹೊಲದಲ್ಲಿ ಲೇಔಟ್: ತಕರಾರು ಹಾಕುವುದು ಹೇಗೆ?

ಸುಗ್ಗಿ ಮುಗಿದ ಮೇಲೆ ಪಕ್ಕದ ಹೊಲಕ್ಕೆ ಜೆಸಿಬಿ ಬರುತ್ತದೆ. ಬದು ಕಿತ್ತು ಹಾಕುತ್ತಾರೆ, ಬನ್ನಿ ಗಿಡ ಕಡಿಯುತ್ತಾರೆ, ಗರಸು ಸುರಿದು ರಸ್ತೆ ಮಾಡುತ್ತಾರೆ. ಎರಡು ವಾರದಲ್ಲಿ ಬಿಳಿ ಬಣ್ಣ ಬಳಿದ ಕಲ್ಲು, ಒಂದು ಕಮಾನು, 'ಎನ್‌ಎ ಪ್ಲಾಟುಗಳು ಮಾರಾಟಕ್ಕಿವೆ' ಎನ್ನುವ ಫ್ಲೆಕ್ಸ್ (ಎನ್‌ಎ ಅಂದರೆ ಕೃಷಿಯೇತರ ಬಳಕೆಗೆ ಬದಲಾದ ಜಮೀನು). ಊರವರು ಆಗ ಹನುಮಪ್ಪನ ಗುಡಿ ಕಟ್ಟೆಗೆ ಸೇರುತ್ತಾರೆ. ಅಷ್ಟರಲ್ಲಿ ಕಾಗದ ಮೂರು ಟೇಬಲ್ ದಾಟಿ ಹೋಗಿರುತ್ತದೆ.

ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಊರುಗಳಿಗೆ ಇದು ಹೊಸದೇನಲ್ಲ. ನವಲೂರು ಅಂದರೆ ಪೇರಲ, ಕೆಲಗೇರಿ ಕಡೆ ಹೋದರೆ ಆಪೂಸ ಮಾವು ಎನ್ನುವ ಕಾಲ ಇತ್ತು. ಈಗ ಅದೇ ದಾರಿಯಲ್ಲಿ ತೋಟಕ್ಕಿಂತ ಫ್ಲೆಕ್ಸ್ ಜಾಸ್ತಿ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂ ತೆಗೆದುಹಾಕಿದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಹಾಗಾಗಿ ಕೊಳ್ಳುವವರ ಸಾಲೂ ಉದ್ದವಾಗಿದೆ.

ನಮ್ಮೂರಲ್ಲಿ ಮೊದಲ ಸಲ ತಕರಾರು ಕೊಟ್ಟಾಗ ನಾಲ್ಕು ಪುಟದ ಅರ್ಜಿ ಬರೆದಿದ್ದೆವು. ಅನ್ನದಾತ, ಭೂಮಿತಾಯಿ, ಎಲ್ಲ ಇತ್ತು. ಮನೆ ಮನೆ ತಿರುಗಿ ಸಹಿ ಹಾಕಿಸಿದ್ದೆವು. ಕಚೇರಿಯ ಕ್ಲರ್ಕ್ ಎರಡನೇ ಪುಟಕ್ಕೇ ಕನ್ನಡಕ ತೆಗೆದು, "ತಮ್ಮಾ, ಯಾವ ಸರ್ವೇ ನಂಬರೋ ಇದು? ಮತ್ತ ಇದು ನಮ್ಮ ಕಡೆ ಬರೂದಲ್ಲ" ಎಂದರು. ಹೌದು, ಅಷ್ಟೂ ಪುಟದಲ್ಲಿ ಸರ್ವೇ ನಂಬರೇ ಇರಲಿಲ್ಲ. ಸರಿಯಾದ ಕಚೇರಿ ಹುಡುಕಿಕೊಂಡು ಹೋಗುವಷ್ಟರಲ್ಲಿ ವಾಯಿದೆ ಮುಗಿದಿತ್ತು. ಎರಡನೇ ಸಲ ಬರೆದಿದ್ದು ಒಂದೇ ಪುಟ. ಅದನ್ನು ಓದಿದರು. ಆ ಒಂದು ಪುಟ ಹೇಗೆ ತಯಾರಾಗುತ್ತದೆ ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಸರ್ವೇ ನಂಬರ್

'ಕೆರೆ ಹಿಂದಿನ ಗೌಡರ ಹೊಲ' ಅಂದರೆ ಊರವರಿಗೆ ಗೊತ್ತು, ಕಚೇರಿಗೆ ಗೊತ್ತಿಲ್ಲ. ಮೊಬೈಲಿನಲ್ಲಿ ಸರ್ಕಾರದ 'ದಿಶಾಂಕ್' ಆ್ಯಪ್ ಹಾಕಿಕೊಂಡು ಆ ಹೊಲದ ಬದುವಿನ ಮೇಲೆ ನಿಂತರೆ ಸರ್ವೇ ನಂಬರ್ ತೋರಿಸುತ್ತದೆ. ಗಡಿಯ ಹತ್ತಿರ ನಿಂತರೆ ಪಕ್ಕದ ನಂಬರ್ ತೋರಿಸುವುದೂ ಉಂಟು. ಹಾಗಾಗಿ ನಡುವೆ ಹೋಗಿ ಇನ್ನೊಮ್ಮೆ ನೋಡಿ. ಊರಿನ ಕಂದಾಯ ದಾಖಲೆ ನೋಡಿಕೊಳ್ಳುವ ತಲಾಟಿ ಹತ್ತಿರವೂ ಕೇಳಿ ಖಾತ್ರಿ ಮಾಡಿಕೊಳ್ಳಿ.

ನಂಬರ್ ಸಿಕ್ಕ ಮೇಲೆ ಆ ಜಮೀನಿನ ಪಹಣಿ ತೆಗೆಸಿ. ನಮ್ಮ ಕಡೆ ಉತಾರ ಅನ್ನುತ್ತೇವಲ್ಲ, ಅದೇ. ಯಾರ ಜಮೀನಿನ ಪಹಣಿಯನ್ನು ಯಾರು ಬೇಕಾದರೂ ತೆಗೆಸಬಹುದು, ಮಾಲೀಕರ ಒಪ್ಪಿಗೆ ಬೇಕಿಲ್ಲ. ಎಲ್ಲರೂ ಮೊದಲು 9ನೇ ಕಾಲಂ ನೋಡುತ್ತಾರೆ, ಯಾರ ಹೆಸರಿದೆ ಅಂತ. ನೀವು 3ನೇ ಕಾಲಂ ನೋಡಿ. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ 'ಫೂಟ್ ಖರಾಬು' ಎಂದು ಎರಡು ಸಾಲು ಇರುತ್ತವೆ, 'ಅ' ಮತ್ತು 'ಬ'. 'ಅ' ಖರಾಬು ಅಂದರೆ ಕಲ್ಲು, ಕೊರಕಲು ಇದ್ದು ಬೆಳೆ ಬರದ ಜಾಗ. 'ಬ' ಖರಾಬು ಅಂದರೆ ಹಳ್ಳ, ಬಂಡಿದಾರಿ, ಕಾಲುದಾರಿಯಂಥ ಸಾರ್ವಜನಿಕ ಜಾಗ. ಅದು ಹೊಲ ಮಾರಿದವರದೂ ಅಲ್ಲ, ಕೊಂಡವರದೂ ಅಲ್ಲ. ಅಲ್ಲಿ ಐದಾರು ಗುಂಟೆ ಬರೆದಿದ್ದರೆ, ಅದು ಲೇಔಟ್ ನಕ್ಷೆಯಲ್ಲಿ ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ. ನಮ್ಮ ಎರಡನೇ ತಕರಾರು ನಿಂತಿದ್ದೇ ಈ ಒಂದು ಸಾಲಿನ ಮೇಲೆ.

ಜೊತೆಗೆ ಗ್ರಾಮ ನಕಾಶೆ ಬೇಕು. ಹಳ್ಳ ಎಲ್ಲಿ ಹುಟ್ಟಿ ಎಲ್ಲಿ ಹೋಗುತ್ತದೆ, ಗಾಯರಾಣ (ಗೋಮಾಳ) ಎಲ್ಲಿದೆ, ಸ್ಮಶಾನದ ದಾರಿ ಯಾವುದು, ಎಲ್ಲ ಅದರಲ್ಲಿರುತ್ತದೆ. ಆನ್‌ಲೈನಿನಲ್ಲೇ ಸಿಗುತ್ತದೆ. ಅಕ್ಷರ ಕಾಣದಿದ್ದರೆ ಸರ್ವೇ ಕಚೇರಿಯಲ್ಲಿ ಪ್ರತಿ ಕೇಳಿ.

ಕಾಗದ ಯಾವ ಟೇಬಲ್ ಮೇಲಿದೆ?

ಎಡವುವುದೇ ಇಲ್ಲಿ. ಹೊಲ ಪ್ಲಾಟ್ ಆಗುವುದು ಒಂದೇ ಆದೇಶದಿಂದಲ್ಲ. ಪ್ರತಿ ಹಂತಕ್ಕೂ ಬೇರೆ ಕಚೇರಿ, ಬೇರೆ ಕಾಯ್ದೆ, ಬೇರೆ ವಾಯಿದೆ.

ಅವಳಿ ನಗರ ಮತ್ತು ಸುತ್ತಲಿನ ಊರುಗಳಿಗೆ ಮಾಸ್ಟರ್ ಪ್ಲಾನ್ ಇದೆ. ಅದನ್ನು ನೋಡಿಕೊಳ್ಳುವುದು ನವನಗರದಲ್ಲಿರುವ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಹುಡಾ. ಗದಗ-ಬೆಟಗೇರಿಗೆ, ಹಾವೇರಿಗೆ ಅಲ್ಲಲ್ಲಿಯ ಪ್ರಾಧಿಕಾರಗಳಿವೆ. ಮೊದಲು ಆ ನಕ್ಷೆಯಲ್ಲಿ ನಿಮ್ಮ ಸರ್ವೇ ನಂಬರಿಗೆ ಯಾವ ಬಣ್ಣ ಇದೆ ನೋಡಿ. ಹಳದಿ ಇದ್ದರೆ ವಸತಿ, ಹಸಿರು ಇದ್ದರೆ ಕೃಷಿ.

ಹಸಿರು ಇದ್ದರೆ ಬಣ್ಣ ಬದಲಿಸಬೇಕಾಗುತ್ತದೆ. ಇದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ. ಬದಲಾವಣೆಗೆ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ತಕರಾರು ಕೇಳಲೇಬೇಕು. ವಾಯಿದೆ ಸಾಮಾನ್ಯವಾಗಿ 15 ದಿನ, ಪ್ರಕಟಣೆಯಲ್ಲೇ ಬರೆದಿರುತ್ತಾರೆ. ಒಳಪುಟದ ಮೂಲೆಯಲ್ಲಿ, ಶ್ರದ್ಧಾಂಜಲಿ ಮತ್ತು ಹೆಸರು ಬದಲಾವಣೆಯ ಜಾಹೀರಾತಿನ ನಡುವೆ, ಸಣ್ಣ ಅಕ್ಷರದಲ್ಲಿ ಬರುತ್ತದೆ. ಊರಲ್ಲಿ ದಿನಾ ಪೇಪರ್ ಓದುವ ನಿವೃತ್ತ ಮಾಸ್ತರು ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಈ ಕೆಲಸ ಒಪ್ಪಿಸಿ. ನಿಮ್ಮ ತಕರಾರಿಗೆ ಜಾಸ್ತಿ ಬೆಲೆ ಇರುವುದು ಈ 15 ದಿನದಲ್ಲೇ.

ಹಳದಿ ಇದ್ದರೆ 'ಇಲ್ಲಿ ಮನೆಯೇ ಬೇಡ' ಎನ್ನುವ ವಾದ ಹೆಚ್ಚು ಕಡಿಮೆ ಮುಗಿದಂತೆ. ಆ ಮಾತು ಆಡಬೇಕಾಗಿದ್ದು ಮಾಸ್ಟರ್ ಪ್ಲಾನ್ ಕರಡು ಹೊರಬಿದ್ದಾಗ. ಆಗ 60 ದಿನ ಕೊಟ್ಟು ಅಭಿಪ್ರಾಯ ಕೇಳುತ್ತಾರೆ. ಆ 60 ದಿನದಲ್ಲಿ ಹಳ್ಳಿಯವರಿಗಿಂತ ಪ್ಲಾಟ್ ವ್ಯಾಪಾರದವರೇ ಹೆಚ್ಚು ಓಡಾಡಿರುತ್ತಾರೆ. ಬಣ್ಣ ಹಳದಿ ಅಂತ ಕೈ ಚೆಲ್ಲಬೇಡಿ. ಹಳ್ಳ, ದಾರಿ, ಚರಂಡಿ, ನೀರಿನ ವಿಷಯದಲ್ಲಿ ಆಗಲೂ ಹಿಡಿಯಬಹುದು.

ಬಿನಶೇತ್ಕಿ, ಅಂದರೆ ಎನ್‌ಎ, ಬೇರೆ ಟೇಬಲ್. ಇದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ, ಆದೇಶ ಕೊಡುವವರು ಜಿಲ್ಲಾಧಿಕಾರಿ (ಮಾಸ್ಟರ್ ಪ್ಲಾನ್ ಒಳಗಿನ ಜಮೀನಿಗೆ ಈ ನಿಯಮ ಈಗಲೂ ಹೀಗೇ ಇದೆಯೇ ಎಂದು ಕಚೇರಿಯಲ್ಲಿ ಕೇಳಿಕೊಳ್ಳಿ). ಈಗ ಅಫಿಡವಿಟ್ ಕೊಟ್ಟು ಆನ್‌ಲೈನಿನಲ್ಲೇ ಅರ್ಜಿ ಹಾಕುತ್ತಾರೆ. ಪೇಪರ್ ಪ್ರಕಟಣೆಗೆ ಕಾಯುತ್ತ ಕೂಡಬೇಡಿ. ಅರ್ಜಿ ಹೋಗಿದೆ ಎಂದು ಗೊತ್ತಾದ ದಿನವೇ ಜಿಲ್ಲಾಧಿಕಾರಿಗೆ ತಕರಾರು ಕೊಡಿ, ಒಂದು ಪ್ರತಿ ತಹಶೀಲ್ದಾರರಿಗೆ.

ಆಮೇಲೆ ಲೇಔಟ್ ನಕ್ಷೆಯ ಮಂಜೂರಾತಿ. ಅದು ಮತ್ತೆ ಹುಡಾದಲ್ಲಿ, ಯೋಜನಾ ಕಾಯ್ದೆಯ 17ನೇ ಕಲಂ. ಹುಡಾ ತಾನೇ ಲೇಔಟ್ ಮಾಡಲು ರೈತರ ಜಮೀನು ಹಿಡಿಯುವುದೂ 17ನೇ ಕಲಂನಲ್ಲೇ ಶುರುವಾಗುತ್ತದೆ, ಆದರೆ ಆ ಕಾಯ್ದೆ ಬೇರೆ: 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ. ಅದರಲ್ಲಿ ಜಮೀನು ಹೋಗುವವರಿಗೆ ನೋಟಿಸ್ ಬರುತ್ತದೆ, ಮುಟ್ಟಿದ 30 ದಿನದೊಳಗೆ ಉತ್ತರ ಕೊಡಬೇಕು. ಸುಮ್ನೆ 'ಕಲಂ 17' ಎಂದು ಬರೆದರೆ ಫೈಲು ದಾರಿ ತಪ್ಪುತ್ತದೆ. ಕಾಯ್ದೆಯ ಹೆಸರನ್ನೂ ಇಸವಿಯನ್ನೂ ಬರೆಯಿರಿ. 2013ರ ಕೇಂದ್ರದ ಭೂಸ್ವಾಧೀನ ಕಾಯ್ದೆಯಲ್ಲಿ 11ನೇ ಕಲಂನ ಅಧಿಸೂಚನೆ ಬಂದಿದ್ದರೆ ತಕರಾರಿಗೆ 60 ದಿನ ಇರುತ್ತದೆ.

ದೊಡ್ಡ ಅಪಾರ್ಟ್‌ಮೆಂಟ್ ಯೋಜನೆ, ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟುತ್ತದೆ ಅಂದರೆ ಪರಿಸರ ಅನುಮತಿಯೂ ಬೇಕು. ಆದರೆ ಗಣಿ, ಕಾರ್ಖಾನೆಗೆ ಇರುವ ಹಾಗೆ ಇಂಥ ಕಟ್ಟಡಗಳಿಗೆ ಊರಲ್ಲಿ ಅಹವಾಲು ಸಭೆ ನಡೆಸಬೇಕೆಂಬ ನಿಯಮ ಇಲ್ಲ. 'ನಮ್ಮನ್ನು ಕೇಳೇ ಇಲ್ಲ' ಎಂಬುದೊಂದೇ ಕಾರಣ ಅಲ್ಲಿ ನಡೆಯುವುದಿಲ್ಲ.

ಮಳೆಗಾಲದ ಫೋಟೊ

ಅಧಿಕಾರಿಗಳು ಸ್ಥಳ ನೋಡಲು ಬರುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಆಗ ನಮ್ಮ ಹಳ್ಳಗಳು ಬಂಡಿ ಹೋಗುವ ದಾರಿಯಂತೆ ಒಣಗಿರುತ್ತವೆ. 'ಇದಾ ಹಳ್ಳ?' ಎಂದು ಕೇಳುತ್ತಾರೆ. ಹಾಗಾಗಿ ಮಳೆ ಹೊಡೆದಾಗ ನೀರು ಹರಿಯುವ ಫೋಟೊ ನಿಮ್ಮ ಹತ್ತಿರ ಇರಬೇಕು, ತಾರೀಖು ಮತ್ತು ಜಾಗ ಬೀಳುವ ಹಾಗೆ. ಎರಿ ಭೂಮಿ, ಅಂದರೆ ಕಪ್ಪು ಮಣ್ಣು, ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಒಮ್ಮೆ ತುಂಬ ನೆನೆದರೆ ಆಮೇಲೆ ಬಿದ್ದ ಮಳೆಯೆಲ್ಲ ಮೇಲೇ ಹರಿಯುತ್ತದೆ. ಹಳ್ಳ ಮುಚ್ಚಿ ಗರಸು ಹಾಕಿದರೆ ಆ ನೀರು ಕೆಳಗಿನ ಹೊಲಕ್ಕೋ ಊರ ಓಣಿಗೋ ನುಗ್ಗುತ್ತದೆ. ಇದನ್ನು ಸಾಹೇಬರಿಗೆ ಬಾಯಲ್ಲಿ ಹೇಳಿದರೆ ಕಥೆ, ಫೋಟೊ ಇಟ್ಟರೆ ಸಾಕ್ಷಿ.

ಒಂದು ಪುಟದ ಅರ್ಜಿ

ಮೇಲೆ 'ಆಯುಕ್ತರು, ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ, ನವನಗರ, ಹುಬ್ಬಳ್ಳಿ' ಎಂದು ಬರೆಯಿರಿ. ಆಮೇಲೆ ಹೀಗೆ (ನಂಬರುಗಳು ಮಾದರಿಗೆ ಮಾತ್ರ; ರಿ.ಸ.ನಂ. ಅಂದರೆ ಸರ್ವೇ ನಂಬರೇ):

'ವಿಷಯ: ನಮ್ಮ ಗ್ರಾಮದ ರಿ.ಸ.ನಂ. 112/2, ಕ್ಷೇತ್ರ 5 ಎಕರೆ 20 ಗುಂಟೆ ಜಮೀನನ್ನು ಕೃಷಿಯಿಂದ ವಸತಿಗೆ ಬದಲಿಸುವ ಪ್ರಸ್ತಾವಕ್ಕೆ ತಕರಾರು.

ಉಲ್ಲೇಖ: ಇಂಥ ತಾರೀಖಿನ ಇಂಥ ಪತ್ರಿಕೆಯಲ್ಲಿ ಬಂದ ತಮ್ಮ ಪ್ರಕಟಣೆ.

ನಾನು ಪಕ್ಕದ ರಿ.ಸ.ನಂ. 113ರ ಮಾಲೀಕ. 112/2ರ ಪಹಣಿಯ 3ನೇ ಕಾಲಂನಲ್ಲಿ 12 ಗುಂಟೆ 'ಬ' ಖರಾಬು ಇದೆ. ಗ್ರಾಮ ನಕಾಶೆಯಂತೆ ಇದು ಹಳ್ಳ. ಮೇಲಿನ ಹೊಲಗಳ ನೀರು ಇದರಲ್ಲೇ ಹರಿದು ಕೆರೆಗೆ ಸೇರುತ್ತದೆ. ನಮ್ಮ ಹೊಲಕ್ಕೆ ಬಂಡಿದಾರಿಯೂ ಇದರ ದಂಡೆಯ ಮೇಲೇ ಇದೆ. ಆದ್ದರಿಂದ ಜಂಟಿ ಸರ್ವೇ ಮಾಡಿಸಿ ಹಳ್ಳ ಮತ್ತು ದಾರಿಯ ಗಡಿ ಗುರುತಿಸುವವರೆಗೆ ಬದಲಾವಣೆಗೆ ಒಪ್ಪಿಗೆ ಕೊಡಬಾರದು. ನನ್ನನ್ನು ವಿಚಾರಣೆಗೆ ಕರೆಯಬೇಕು.'

ಕೊನೆಗೆ ಲಗತ್ತುಗಳ ಪಟ್ಟಿ: ಪಹಣಿ, ನಕಾಶೆ, ಫೋಟೊ. ಇಷ್ಟೇ.

ನೀರಿನ ಮಾತನ್ನೂ ಸೇರಿಸಬಹುದು. ಅವಳಿ ನಗರಕ್ಕೆ ಕುಡಿಯುವ ನೀರು ಸವದತ್ತಿಯ ಮಲಪ್ರಭಾ ಜಲಾಶಯದಿಂದ ಬರಬೇಕು. ನಿಮ್ಮೂರಿಗೆ ಎಷ್ಟು ದಿನಕ್ಕೊಮ್ಮೆ ನಲ್ಲಿ ನೀರು ಬರುತ್ತದೆ, ಹೊಸ ಲೇಔಟಿಗೆ ಎಲ್ಲಿಂದ ಕೊಡುತ್ತಾರೆ ಎಂದು ಒಂದು ಸಾಲಿನಲ್ಲಿ ಕೇಳಿ. 'ಹೊರಗಿನ ಮಂದಿ ಬಂದು ತುಂಬುತ್ತಾರೆ' ಎಂಬ ಮಾತು ಮಾತ್ರ ಬೇಡ. ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ, ಬರೆಯುವವರಿಗೂ ಶೋಭೆಯಲ್ಲ. ಬಾಡಿಗೆ ಮನೆಯಲ್ಲಿ ಇದ್ದು ಇದ್ದು ಸಾಕಾಗಿ ಒಂದು ಪ್ಲಾಟ್ ಹುಡುಕುವವರು ನಮ್ಮ ತಂಗಿಯೋ ಅಳಿಯನೋ ಆಗಿರುತ್ತಾರೆ. ಹೊಲ ಮಾರಿದವರನ್ನು ಬೈದು ಬರೆಯುವುದೂ ಬೇಡ. ಅವರ ಮನೆ ಕಷ್ಟ ಅವರಿಗೆ ಗೊತ್ತು. ನಾಳೆ ಅವರೇ ಹಳ್ಳ ಎಲ್ಲಿತ್ತು ಅಂತ ಸಾಕ್ಷಿ ಹೇಳಬೇಕಾಗಬಹುದು.

ನೂರು ಜನ ಒಂದೇ ಅರ್ಜಿಗೆ ಸಹಿ ಹಾಕಿದರೆ ಕಚೇರಿಯ ಲೆಕ್ಕದಲ್ಲಿ ಅದು ಒಂದು ತಕರಾರು. ದಾರಿ ಹೋಗುವವರು ದಾರಿಯ ಬಗ್ಗೆ, ನೀರು ನುಗ್ಗುವವರು ನೀರಿನ ಬಗ್ಗೆ ಬೇರೆ ಬೇರೆ ಬರೆದರೆ ಐದು ಜನ ಸಾಕು.

ಠರಾವು ಮತ್ತು ಸೀಲು

ಗ್ರಾಮ ಪಂಚಾಯಿತಿ ಇರುವ ಊರಾದರೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ ಠರಾವು ಮಾಡಿಸಿ. ಪಿಡಿಒ ಬರೆದ ನಡವಳಿಯಲ್ಲಿ ಸರ್ವೇ ನಂಬರ್ ಇದೆಯೋ ಇಲ್ಲವೋ ಅಲ್ಲೇ ಓದಿ ನೋಡಿ. 'ಚರ್ಚಿಸಲಾಯಿತು' ಎಂದಷ್ಟೇ ಇದ್ದರೆ ಏನೂ ಉಪಯೋಗವಿಲ್ಲ.

ಅರ್ಜಿಯನ್ನು ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಆವಕ ನಂಬರ್ ಹಾಕಿಸಿಕೊಳ್ಳಿ. "ಇಟ್ಟು ಹೋಗ್ರಿ, ಸಾಹೇಬ್ರು ಬಂದ ಮ್ಯಾಲೆ ಕೊಡ್ತೀನಿ" ಅಂದರೆ ಇಡಬೇಡಿ, ನಿಂತೇ ಇರಿ. ಸೀಲು ಹಾಕಲು ಒಪ್ಪದಿದ್ದರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ತಿಂಗಳಾದರೂ ಸುದ್ದಿ ಇಲ್ಲವಾ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 'ಈ ಫೈಲಿನ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ' ಎಂದು ಕೇಳಿ. ನಿಮ್ಮ ತಕರಾರಿನ ಬಗ್ಗೆ ಅಧಿಕಾರಿ ಏನು ಬರೆದಿದ್ದಾರೆ ಎನ್ನುವುದು ಆ ಹಾಳೆಯಲ್ಲೇ ಇರುತ್ತದೆ.

ಧರಣಿ ಬೇಕಾ?

ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವುದಿಲ್ಲ ಎಂದು ರೈತರು ನಿಂತರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಸರ್ಕಾರ ಹಿಂದೆ ಸರಿಯಿತು. ಆ ನೆನಪು ನಮ್ಮ ಕಡೆ ಇನ್ನೂ ಇದೆ. ಆದರೆ ಅಲ್ಲಿ ಭೂಮಿ ಹಿಡಿಯಲು ಬಂದಿದ್ದು ಸರ್ಕಾರ. ಇಲ್ಲಿ ಮಾಲೀಕನೇ ಮನಸಾರೆ ಮಾರಿದ್ದಾನೆ. ಖಾಸಗಿ ಲೇಔಟಿನ ಮುಂದೆ ಹಲಗಿ ಬಾರಿಸಿದರೆ ಒಂದು ದಿನ ಫೋಟೊ ಬರುತ್ತದೆ, ಫೈಲು ಅದರ ಪಾಡಿಗೆ ಅದು ಹೋಗುತ್ತದೆ.

ತಕರಾರು ತಳ್ಳಿಹಾಕಿದರೆ ಕಾರಣ ಬರೆದ ಆದೇಶದ ಪ್ರತಿ ಕೇಳಿ ಪಡೆಯಿರಿ. ಜಿಲ್ಲಾಧಿಕಾರಿಯ ಬಿನಶೇತ್ಕಿ ಆದೇಶದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ತಕರಾರು ಕೇಳದೇ ಆದೇಶ ಮಾಡಿದ್ದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕಬಹುದು. 2008ಕ್ಕಿಂತ ಮೊದಲು ಇದಕ್ಕೆಲ್ಲ ಬೆಂಗಳೂರಿಗೆ ರಾತ್ರಿ ಬಸ್ ಹತ್ತಬೇಕಿತ್ತು. ವಾಯಿದೆ ಮೀರದ ಹಾಗೆ ವಕೀಲರನ್ನು ಬೇಗ ನೋಡಿ. ಸೀಲು ಬಿದ್ದ ಆ ಪ್ರತಿಯನ್ನು ಅವರು ಮೊದಲು ಕೇಳುತ್ತಾರೆ.

ನಮ್ಮೂರಲ್ಲಿ ಲೇಔಟ್ ಆಗಿಯೇ ಆಯಿತು. ಆದರೆ ಜಂಟಿ ಸರ್ವೇ ಆದ ಮೇಲೆ ನಕ್ಷೆ ತಿದ್ದಿದರು. ಹಳ್ಳ ಇದ್ದಲ್ಲೇ ಉಳಿಯಿತು, ಉದ್ಯಾನದ ಜಾಗ ಅದರ ದಂಡೆಗೆ ಬಂತು, ನಾಲ್ಕು ಪ್ಲಾಟು ಕಡಿಮೆಯಾದವು. ಮಂಜೂರಾದ ಆ ನಕ್ಷೆಯ ಪ್ರತಿಯನ್ನು ನೀವೂ ತೆಗೆದಿಡಿ. 500 ಚದರ ಮೀಟರ್ ಮೀರಿದ ಲೇಔಟುಗಳು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಬೇಕು, ಅದರ ಜಾಲತಾಣದಲ್ಲೂ ನಕ್ಷೆ ಸಿಗುತ್ತದೆ. ನಮ್ಮ ಕಾಕಾ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎತ್ತಿನ ಕೊಟ್ಟಿಗೆಯ ಗೂಟಕ್ಕೆ ತೂಗು ಹಾಕಿದ್ದಾರೆ. ಲೇಔಟ್ ಕಡೆ ಟಿಪ್ಪರ್ ಸದ್ದು ಕೇಳಿದರೆ ಸಾಕು, ಚೀಲ ತಗೊಂಡು ಹೊರಡುತ್ತಾರೆ.