ಮನಸ್ಸು ಯಾವ ಹೊತ್ತಿಗೆ ಭಾರವಾಗುತ್ತದೆ? ವಯಸ್ಸಾದವರಿಗೊಂದು ವೇಬಿಲ್

ನಾನು 33 ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಮಧುಗಿರಿ, ಪಾವಗಡ, ಶಿರಾ, ಕುಣಿಗಲ್ ಅಂತ ಸರ್ವೀಸೆಲ್ಲ ತುಮಕೂರು ಜಿಲ್ಲೆಯ ರಸ್ತೆಗಳಲ್ಲೇ ಕಳೆಯಿತು. ರಿಟೈರ್ ಆದ ಮೊದಲ ವರ್ಷ ನನಗೆ ದೊಡ್ಡ ಕಾಯಿಲೆ ಇರಲಿಲ್ಲ, ಸಾಲ ಇರಲಿಲ್ಲ, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಚೆನ್ನಾಗಿದ್ದರು. ಆದರೂ ನೆಮ್ಮದಿ ಇರಲಿಲ್ಲ. ಯಾರ ಹತ್ತಿರ ಹೇಳಿಕೊಂಡರೂ ಧ್ಯಾನ ಮಾಡಿ, ಒಳ್ಳೆಯದನ್ನೇ ಯೋಚನೆ ಮಾಡಿ, ದೇವರ ಮೇಲೆ ಭಾರ ಹಾಕಿ ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದರಲ್ಲಿ ತಪ್ಪೇನಿಲ್ಲ. ಆದರೆ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಇಲ್ಲದ ಯೋಚನೆಯೆಲ್ಲ ಮುತ್ತಿಕೊಂಡಾಗ, ಸುಮ್ನಿರು ಅಂದರೆ ಮನಸ್ಸು ಕೇಳುತ್ತದಾ?

ನನಗೆ ದಾರಿ ಸಿಕ್ಕಿದ್ದು ಹಳೆಯ ಕೆಲಸದಿಂದಲೇ. ಟಿಕೆಟ್ ಮಷೀನ್ ಬರುವ ಮೊದಲು ಕಂಡಕ್ಟರ್ ಕೈಯಲ್ಲಿ ವೇಬಿಲ್ ಅಂತ ಒಂದು ಹಾಳೆ ಇರುತ್ತಿತ್ತು. ಒಂದೊಂದು ಸ್ಟೇಜ್ ಬಂದಾಗಲೂ ಟಿಕೆಟ್ ನಂಬರ್ ಬರೆದು ಮುಂದೆ ಹೋಗಬೇಕು. ಸಂಜೆ ಡಿಪೋದಲ್ಲಿ ಅದನ್ನ ನೋಡಿದರೆ ಬಸ್ಸು ಎಲ್ಲಿ ತುಂಬಿತ್ತು, ಎಲ್ಲಿ ಖಾಲಿ ಓಡಿತು ಅಂತ ಗೊತ್ತಾಗಿಬಿಡುತ್ತಿತ್ತು. ಹಾಗೇ ಒಂದು ದಿನ ನನ್ನ ದಿನಕ್ಕೂ ಒಂದು ವೇಬಿಲ್ ಬರೆದೆ.

ನೀವೂ ಮಾಡಿ, ಕಷ್ಟವೇನಿಲ್ಲ. ಒಂದು ಚಿಕ್ಕ ನೋಟ್‌ಬುಕ್ ತೆಗೆದುಕೊಳ್ಳಿ. ಎದ್ದಾಗಿನಿಂದ ಮಲಗುವವರೆಗೆ ಎರಡು ಗಂಟೆಗೊಮ್ಮೆ ಒಂದೇ ಸಾಲು ಬರೆಯಿರಿ: ಗಂಟೆ ಎಷ್ಟು, ಏನು ಮಾಡುತ್ತಿದ್ದೆ, ಜೊತೆಗೆ ಯಾರಿದ್ದರು, ಮನಸ್ಸು ಹಗುರವೋ ಭಾರವೋ. ರಾತ್ರಿ ಎಚ್ಚರವಾದರೆ ಆಗ ಬರೆಯಬೇಡಿ, ಬೆಳಿಗ್ಗೆ ಎದ್ದ ಮೇಲೆ ಅಂದಾಜಿನ ಮೇಲೆ ಬರೆದರೆ ಸಾಕು. ಒಂದು ವಾರ. ಬರೆಯಲು ಬೇಸರವಾದರೆ ಹಗುರಕ್ಕೆ ಒಂದು ಗೀಟು, ಭಾರಕ್ಕೆ ಎರಡು ಗೀಟು ಎಳೆದರೂ ಆಯಿತು.

ವಾರ ಕಳೆದು ನೋಡಿದಾಗ ನನಗೇ ಆಶ್ಚರ್ಯವಾಯಿತು. ದಿನವೆಲ್ಲ ಭಾರ, ಬದುಕೇ ಭಾರ ಅಂದುಕೊಂಡಿದ್ದೆ, ಆದರೆ ಎರಡೆರಡು ಗೀಟು ಬಿದ್ದಿದ್ದು ಬೆಳಗಿನ ಜಾವ ಮೂರರಿಂದ ಐದರವರೆಗೆ ಮಾತ್ರ. ನಮ್ಮ ಮನೆಯವರೂ ಬರೆದರು. ಅವರಿಗೆ ಬೆಳಗಿನ ಜಾವ ಒಳ್ಳೆಯ ನಿದ್ದೆ. ಅವರ ಭಾರದ ಹೊತ್ತು ಸಂಜೆ ಐದರಿಂದ ಏಳು, ಹಿಂದೆ ಮಕ್ಕಳು ಸ್ಕೂಲಿನಿಂದ ಬರುತ್ತಿದ್ದ ಹೊತ್ತು. ಒಂದೇ ಮನೆ, ಒಂದೇ ಊಟ, ಇಬ್ಬರಿಗೂ ಬೇರೆ ಬೇರೆ ಹೊತ್ತು. ಇನ್ನು ಕೆಲವರಿಗೆ ಭಾನುವಾರ ಮಧ್ಯಾಹ್ನ, ಕೆಲವರಿಗೆ ಮಕ್ಕಳು ಬಂದು ವಾಪಸ್ ಹೋದ ಮಾರನೇ ದಿನ. ಹಾಗಾಗಿ ಮೊದಲು ಆ ಹೊತ್ತನ್ನ ಹುಡುಕಿ, ಆಮೇಲೆ ಆ ಹೊತ್ತಿಗೆ ಏನು ಮಾಡಬೇಕು ಅಂತ ಯೋಚಿಸಿ.

ಬೆಳಗಿನ ಜಾವದ ಎಚ್ಚರ ಅನೇಕರ ಕಷ್ಟ, ಅದಕ್ಕೇ ಅದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲು ಲೆಕ್ಕ ಹಾಕಿ. ರಾತ್ರಿ ಎಂಟೂವರೆಗೆ ಮಲಗಿ ಮೂರಕ್ಕೆ ಎಚ್ಚರವಾದರೆ ಆರೂವರೆ ಗಂಟೆ ನಿದ್ದೆ ಆಗಿದೆ. ಮಧ್ಯಾಹ್ನ ಒಂದು ಗಂಟೆ ಮಲಗಿದ್ದರೆ ಏಳೂವರೆ. ಅಂದರೆ ನಿದ್ದೆ ಕೆಟ್ಟಿಲ್ಲ, ಮುಗಿದಿದೆ. ವಯಸ್ಸಾದಂತೆ ನಿದ್ದೆ ಬೇಗ ಬರುತ್ತದೆ, ಬೇಗ ಹೋಗುತ್ತದೆ, ಅದು ದೇಹದ ರೀತಿ. ನನಗೆ ಇದು ಗೊತ್ತಾದ ದಿನವೇ ಅರ್ಧ ಗಾಬರಿ ಇಳಿಯಿತು. ಮಲಗುವುದನ್ನ ಹತ್ತು ಗಂಟೆಗೆ ಹಾಕಿಕೊಂಡೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮಾತ್ರ, ಅದೂ ಮೂರು ಗಂಟೆಯ ಒಳಗೆ. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟೆ, ಇದು ಮಾತ್ರ ನಿಜವಾಗಿಯೂ ಕಷ್ಟವಾಯಿತು. ಸಂಜೆ ಬೆಳಕಿರುವಾಗ ನಮ್ಮ ತುಮಕೂರಿನ ಅಮಾನಿಕೆರೆ ಕಡೆ ಅರ್ಧ ಗಂಟೆ ನಡೆಯಲು ಶುರು ಮಾಡಿದೆ. ಸಂಜೆಯ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆಯ ಹೊತ್ತು ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಬಿಪಿ ಮಾತ್ರೆಯಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸುತ್ತವೆ. ರಾತ್ರಿ ಅದಕ್ಕೇ ಏಳುತ್ತಿದ್ದರೆ ಬೆಳಿಗ್ಗೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನ ಕೇಳಿ, ನೀವೇ ಬದಲಾಯಿಸಬೇಡಿ.

ಇಷ್ಟಾದರೂ ಎಚ್ಚರವಾದರೆ? ಗಡಿಯಾರ ನೋಡಬೇಡಿ, ಮೊಬೈಲ್ ಅಂತೂ ಮುಟ್ಟಲೇಬೇಡಿ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಉಸಿರು ಎಳೆದುಕೊಳ್ಳಿ, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ. ತಲೆ ಸುತ್ತಿದ ಹಾಗಾದರೆ ಬಿಟ್ಟು ಮಾಮೂಲಿ ಉಸಿರಾಡಿ. ಬರೀ ಎಣಿಸಿದರೆ ನನ್ನ ಮನಸ್ಸು ನಡುವೆ ಎಲ್ಲೆಲ್ಲೋ ಹೋಗುತ್ತಿತ್ತು, ಅದಕ್ಕೆ ನಾನು ಪಾವಗಡದ ರೂಟು ಹಿಡಿಯುತ್ತೇನೆ. ಒಂದು ಉಸಿರು ಬಿಟ್ಟರೆ ತುಮಕೂರು ಸ್ಟ್ಯಾಂಡು. ಬಾಗಿಲ ಹತ್ತಿರ ಹೂವಿನ ಬುಟ್ಟಿ ಇಟ್ಟುಕೊಂಡು ನಿಂತ ಹೆಂಗಸು ಕಾಣುತ್ತಾಳೆ, ಸೀಟಿ ಹೊಡೆಯುತ್ತೇನೆ. ಇನ್ನಷ್ಟು ಉಸಿರಿಗೆ ಕೊರಟಗೆರೆ. ಆಮೇಲೆ ಮಧುಗಿರಿ, ಬೆಟ್ಟ ದೊಡ್ಡದಾಗುತ್ತಾ ಬರುತ್ತದೆ, ಕಾಲೇಜು ಹುಡುಗರು ಇಳಿಯುತ್ತಾರೆ. ಆಮೇಲೆ ಮಿಡಿಗೇಶಿ. ಪಾವಗಡ ಮುಟ್ಟಿದ ರಾತ್ರಿಗಳು ಬಹಳ ಕಡಿಮೆ, ಅಷ್ಟರೊಳಗೆ ಕಣ್ಣು ಮುಚ್ಚಿರುತ್ತದೆ. ನೀವು ಟೀಚರ್ ಆಗಿದ್ದರೆ ನಿಮ್ಮ ಕ್ಲಾಸಿನ ಹಾಜರಿ ಕರೆಯಿರಿ, ಬೇಸಾಯ ಮಾಡಿದವರಾದರೆ ಹೊಲದ ಬದುವಿನ ಮೇಲೆ ಒಂದೊಂದೇ ಮರ ದಾಟಿಕೊಂಡು ಹೋಗಿ. ಗೊತ್ತಿರುವ ದಾರಿ ಆಗಿರಬೇಕು, ಜಗಳ ಸಾಲ ಯಾವುದೂ ಆ ದಾರಿಯಲ್ಲಿ ಇರಬಾರದು, ಅಷ್ಟೇ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರಲಿಲ್ಲ ಅನ್ನಿಸಿದರೆ ಎದ್ದು ಹೊರಗೆ ಮಂದ ಬೆಳಕಲ್ಲಿ ಕುರ್ಚಿಯ ಮೇಲೆ ಕೂತುಕೊಳ್ಳಿ, ಆಕಳಿಕೆ ಬಂದಾಗ ಮತ್ತೆ ಮಲಗಿ.

ಸಂಜೆಯ ಭಾರಕ್ಕೆ ಮದ್ದು ಬೇರೆ. ಅದು ಯೋಚನೆಗಿಂತ ಜಾಸ್ತಿ ಮನೆಯ ಸದ್ದಿಲ್ಲದ ಭಾರ, ಹಾಗಾಗಿ ಆ ಹೊತ್ತಿಗೆ ಜನ ಬೇಕು, ಕೈಗೆ ಕೆಲಸ ಬೇಕು. ನಮ್ಮ ಬೀದಿಯಲ್ಲಿ ಇದು ಶುರುವಾಗಿದ್ದು ಅವರೆಕಾಯಿಯಿಂದ. ಡಿಸೆಂಬರ್‌ನಲ್ಲಿ ಒಳ್ಳೆಯ ಸೊಗಡಿನ ಕಾಯಿ ಬಂದಾಗ ನಮ್ಮ ಮನೆಯವರು ಮೂರು ಕೆಜಿ ತರಿಸಿ, ಎದುರು ಮನೆಯ ಅಜ್ಜಿಯನ್ನೂ ಪಕ್ಕದ ಮನೆಯವರನ್ನೂ ಜಗುಲಿಗೆ ಕರೆದರು. ಕಾಯಿ ಸುಲಿದು ಕಾಳು ನೀರಲ್ಲಿ ನೆನೆಹಾಕಿ, ಮಾರನೇ ಸಂಜೆ ಹಿತಕಲು ಕೂತರು. ನೆನೆದ ಕಾಳನ್ನ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಳಕ್ ಅಂತ ಪಾತ್ರೆಗೆ ಹಾರುತ್ತದೆ. ಒಂದೊಂದೇ ಕಾಳು. ಅವಸರ ಮಾಡಿದರೆ ಬೇಳೆ ನೆಲಕ್ಕೆ ಬೀಳುತ್ತದೆ. ಕೈ ಅಲ್ಲಿರುವಾಗ ಬಾಯಿಗೆ ಮಾತು ತಾನಾಗಿ ಬರುತ್ತದೆ, ಎದುರು ಮನೆಯ ಅಜ್ಜಿ ಗಂಡ ತೀರಿಕೊಂಡ ದಿನದ ವಿಷಯ ಮೊದಲ ಸಲ ಪೂರ್ತಿ ಹೇಳಿದ್ದು ಆ ಜಗುಲಿಯ ಮೇಲೆ. ಯಾರೂ ಸಮಾಧಾನದ ಮಾತು ಆಡಲಿಲ್ಲ, ಹಿತಕುತ್ತಾ ಕೇಳಿಸಿಕೊಂಡರು. ಹೋಗುವಾಗ ಅವರಿಗೂ ಒಂದು ಬಟ್ಟಲು ಬೇಳೆ ಕೊಟ್ಟರು.

ನೀವು ಒಬ್ಬರೇ ಇದ್ದರೂ ಇದು ಆಗುತ್ತದೆ. "ಮನೆಗೆ ಬನ್ನಿ, ಮಾತಾಡೋಣ" ಅಂದರೆ ಯಾರೂ ಬರುವುದಿಲ್ಲ. "ಅವರೆಕಾಯಿ ಜಾಸ್ತಿ ಆಗಿದೆ, ಒಂದು ಕೈ ಹಾಕ್ತೀರಾ?" ಅಂದರೆ ಬರುತ್ತಾರೆ.

ಜಗುಲಿ ಇಲ್ಲ, ನೆರೆಯವರ ಬಳಕೆ ಇಲ್ಲ ಅನ್ನುವವರು ಸಂಜೆ ಕ್ಯಾತ್ಸಂದ್ರದ ಬಸ್ ಹತ್ತಿ ಸಿದ್ಧಗಂಗಾ ಮಠಕ್ಕೆ ಹೋಗಿ. ಸಾವಿರಾರು ಮಕ್ಕಳು ಬಯಲಲ್ಲಿ ಸಾಲಾಗಿ ಕೂತು ಸಾಮೂಹಿಕ ಪ್ರಾರ್ಥನೆ ಮಾಡುತ್ತಾರೆ. ಅಷ್ಟು ಮಕ್ಕಳ ದನಿ ಒಟ್ಟಿಗೆ ಎದ್ದಾಗ ಎದೆಯೊಳಗೆ ಏನೋ ಸಡಿಲವಾಗುತ್ತದೆ, ನಾನು ಅಷ್ಟು ದೊಡ್ಡ ಭಕ್ತನಲ್ಲ, ಆದರೂ ನನಗೂ ಆಗಿದೆ. ಶಿವಕುಮಾರ ಸ್ವಾಮೀಜಿ 2019ರ ಜನವರಿಯಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು, ನೂರು ದಾಟಿದ ಮೇಲೂ ಅವರು ಮಕ್ಕಳ ನಡುವೆಯೇ ಇದ್ದದ್ದನ್ನ ಈ ಊರಿನವರೆಲ್ಲ ಕಣ್ಣಾರೆ ಕಂಡಿದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್‌ಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ತೋರಿಸಿದರೆ ಸಾಕು. ಮನಸ್ಸು ಗಟ್ಟಿಯಿರುವ ದಿನ ದೇವರಾಯನದುರ್ಗ, ನಾಮದ ಚಿಲುಮೆ ಕಡೆಗೂ ಹೋಗಿಬನ್ನಿ. ಬೆಟ್ಟ ಹತ್ತಲೇಬೇಕೆಂದಿಲ್ಲ, ಕೆಳಗೆ ಮರದ ನೆರಳಲ್ಲಿ ಕೂತರೂ ಆಯಿತು.

ಗಂಡ ಹೆಂಡತಿ ಇಬ್ಬರೇ ಇರುವ ಮನೆಯ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ರಿಟೈರ್ ಆದ ಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ಕುಕ್ಕರ್ ಸೀಟಿ ಎಣಿಸುತ್ತಿದ್ದೆ, ಗ್ಯಾಸ್ ಯಾಕೆ ಸಣ್ಣ ಮಾಡಿಲ್ಲ ಅಂತ ಕೇಳುತ್ತಿದ್ದೆ. ಒಂದು ದಿನ ಅವರು "ರೀ, ದಿನಕ್ಕೆ ಎರಡು ಗಂಟೆ ನೀವು ಎಲ್ಲಾದ್ರೂ ಹೋಗಿ ಬನ್ನಿ, ನಂಗೂ ಉಸಿರಾಡೋಕೆ ಆಗುತ್ತೆ" ಅಂದರು. ನೋವಾಯಿತು, ಆದರೆ ಸರಿಯಾದ ಮಾತು. ಈಗ ಹತ್ತರಿಂದ ಹನ್ನೆರಡು ನಾನು ಮನೆಯಲ್ಲಿರುವುದಿಲ್ಲ. ಲೈಬ್ರರಿಯಲ್ಲಿ ಪೇಪರ್ ಓದುತ್ತೇನೆ, ತರಕಾರಿ ತರುತ್ತೇನೆ. ವಾಪಸ್ ಬಂದಾಗ ಹೇಳಲು ಇಬ್ಬರಿಗೂ ಏನಾದರೂ ಇರುತ್ತದೆ. ಪೇಪರ್ ತೆಗೆದ ಕೂಡಲೇ ಶ್ರದ್ಧಾಂಜಲಿ ಪುಟಕ್ಕೆ ಹೋಗುವ ಅಭ್ಯಾಸ ನನಗಿತ್ತು, ಅದನ್ನ ಬಿಟ್ಟೆ. ಟಿವಿ ನ್ಯೂಸ್ ದಿನಕ್ಕೊಂದು ಸಲ, ಅರ್ಧ ಗಂಟೆ, ಮಲಗುವ ಮುಂಚೆ ಬೇಡ.

ಮಕ್ಕಳ ಫೋನಿಗೆ ಕಾಯುವುದು ದೊಡ್ಡ ಸಂಕಟ. ಯಾವಾಗ ಬರುತ್ತದೋ ಅಂತ ಕಾಯುವುದಕ್ಕಿಂತ ಬುಧವಾರ, ಭಾನುವಾರ ರಾತ್ರಿ ಎಂಟು ಅಂತ ಗೊತ್ತು ಮಾಡಿಕೊಳ್ಳಿ. ಉಳಿದ ದಿನ ಮನಸ್ಸು ಫೋನಿನ ಕಡೆ ತಿರುಗುವುದು ಕಡಿಮೆಯಾಗುತ್ತದೆ.

ಮೈಯ ಕಡೆಯೂ ಒಂದು ಕಣ್ಣಿರಲಿ. ಎರಡು ವಾರ ಬಿಡದೆ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುತ್ತಿಲ್ಲ, ಸುಮ್ನೆ ಸಿಟ್ಟು, ಮೈಕೈ ನೋವು ಅಂದರೆ "ವಯಸ್ಸಾಯ್ತು, ಇನ್ನೇನು" ಅಂತ ಬಿಡಬೇಡಿ. ವಯಸ್ಸಾದವರಲ್ಲಿ ಖಿನ್ನತೆ ಹೀಗೂ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. ಥೈರಾಯ್ಡ್, ಬಿ12 ಕಡಿಮೆಯಾದರೂ ಹೀಗಾಗಬಹುದು, ರಕ್ತ ಪರೀಕ್ಷೆ ಮಾಡಿಸಿ. ಕಿವಿಯನ್ನೂ ತೋರಿಸಿ. ಸರಿಯಾಗಿ ಕೇಳಿಸದಿದ್ದರೆ ಮನುಷ್ಯ ಮೆಲ್ಲಗೆ ಮಾತಿನಿಂದ ಹಿಂದೆ ಸರಿಯುತ್ತಾನೆ, ಮನೆಯವರು ಅದನ್ನ ಹಟ ಅಂದುಕೊಳ್ಳುತ್ತಾರೆ. ಇನ್ನು ಇದ್ದು ಏನು ಮಾಡಬೇಕು ಅನ್ನುವ ಯೋಚನೆ ಬಂದರೆ ನಾಳೆಗೆ ಮುಂದೂಡದೆ ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಹಿರಿಯರ ಬೇರೆ ತೊಂದರೆಗಳಿಗೆ 14567 ಇದೆ.

ವೇಬಿಲ್ಲನ್ನ ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಒಂದು ವಾರ ಬರೆಯಿರಿ, ಭಾರದ ಹೊತ್ತು ಜಾಗ ಬದಲಾಯಿಸುತ್ತದೆ. ಸಂಕ್ರಾಂತಿ ಕಳೆದು ಅವರೆ ಮುಗಿದಾಗ ನಮ್ಮ ಮನೆಯವರ ಸಂಜೆಗೆ ಮತ್ತೆ ಎರಡು ಗೀಟು ಬಿತ್ತು. ಆಗ ಪಕ್ಕದ ಮನೆಯವರೇ ಅವರ ಊರಿಂದ ಒಂದು ಚೀಲ ಹುಣಸೆ ತರಿಸಿದರು. ಈಗ ಐದು ಗಂಟೆಗೆ ಜಗುಲಿಯ ಮೇಲೆ ಕುಟ್ಟುವ ಸದ್ದು. ಒಬ್ಬರು ಓಡು ಒಡೆಯುತ್ತಾರೆ, ಒಬ್ಬರು ನಾರು ತೆಗೆಯುತ್ತಾರೆ, ಎದುರು ಮನೆಯ ಅಜ್ಜಿ ಬೀಜ ಬಿಡಿಸುತ್ತಾರೆ. ಬೇಸಿಗೆಗೆ ಸಂಡಿಗೆ ಹಾಕೋಣ ಅಂತ ಮೊನ್ನೆಯೇ ಮಾತಾಗಿದೆ, ತಾರಸಿಯ ಮೇಲೆ ಹಾಸಲು ಹಳೆಯ ಪಂಚೆ ಹುಡುಕಿ ಇಡುವ ಕೆಲಸ ನನ್ನದು.