ಹಳೆಯ ಟ್ಯೂಬಾ ಯಾವ ವಂಶದ್ದು? ವಾಲ್ವ್ ನೋಡಿ ಗುರುತಿಸುವ ಕ್ರಮ

ಹಿತ್ತಾಳೆಯ ದೊಡ್ಡ ಊದುವಾದ್ಯವಾದ ಟ್ಯೂಬಾದ ಅಗಲವಾದ ಬಾಯಿಯ ಮೇಲೆ ಕೆತ್ತಿರುವ ಹೆಸರನ್ನು ಪೂರ್ತಿ ನಂಬಬೇಡಿ. ಅದು ಮಾಡಿದವರದಾಗಿರದೆ ಮಾರಿದ ಅಂಗಡಿಯದೂ ಆಗಿರಬಹುದು. ವಾದ್ಯದ ಇತಿಹಾಸ ಸರಿಯಾಗಿ ಸಿಗುವುದು, ಒತ್ತಿದಾಗ ಗಾಳಿಯನ್ನು ಹೆಚ್ಚುವರಿ ಕೊಳವೆಗೆ ತಿರುಗಿಸಿ ಸ್ವರ ಇಳಿಸುವ ವಾಲ್ವ್‌ಗಳಲ್ಲಿ.

ವಾಲ್ವ್ ಇಲ್ಲದೆ ಪಕ್ಕದಲ್ಲಿ ತೂತುಗಳಿದ್ದರೆ ಅದು ಟ್ಯೂಬಾ ಅಲ್ಲ, ಅದರ ಪೂರ್ವಜ. ಚರ್ಮ ಸುತ್ತಿದ ಮರದ ಅಂಕುಡೊಂಕು ಕೊಳವೆ, ಆರು ಬೆರಳುತೂತು: ಸರ್ಪೆಂಟ್. ಹಿತ್ತಾಳೆಯ ಮೈ, 9ರಿಂದ 12 ಕೀಲಿಗಳು: ಪ್ಯಾರಿಸ್‌ನ ಹಲಾರಿ 1821ರಲ್ಲಿ ಪೇಟೆಂಟ್ ಪಡೆದ ಆಫಿಕ್ಲೈಡ್. ಪಕ್ಕದ ತೂತು ತೆರೆದಾಗ ಸ್ವರದಿಂದ ಸ್ವರಕ್ಕೆ ನಾದದ ಬಣ್ಣ ಬದಲಾಗುವುದು ಇವೆರಡರ ದೌರ್ಬಲ್ಯ. ವಾಲ್ವ್ ಬಂದ ಮೇಲೆ ಪ್ರತಿ ಸ್ವರವೂ ವಾದ್ಯದ ಅಗಲ ಬಾಯಿಯಿಂದಲೇ ಹೊರಡುವಂತಾಯಿತು. ಪ್ರಷ್ಯದ ಸೇನಾ ಸಂಗೀತದ ಮುಖ್ಯಸ್ಥ ವೀಪ್ರೆಖ್ಟ್ ಮತ್ತು ಬರ್ಲಿನ್‌ನ ವಾದ್ಯ ತಯಾರಕ ಮೋರಿಟ್ಜ್ 1835ರ ಸೆಪ್ಟೆಂಬರ್ 12ರಂದು ಪೇಟೆಂಟ್ ಪಡೆದ ಬಾಸ್ ಟ್ಯೂಬಾಕ್ಕೆ ಐದು ವಾಲ್ವ್‌ಗಳಿದ್ದವು, ಶ್ರುತಿ ಪಾಶ್ಚಾತ್ಯ ಸ್ವರ ಎಫ್.

ಈಗ ಶ್ರುತಿ ಪತ್ತೆ ಮಾಡಿ. ಕೊಳವೆಯ ಉದ್ದ ಎಫ್‌ಗೆ ಸುಮಾರು 12 ಅಡಿ, ಇ-ಫ್ಲಾಟ್‌ಗೆ 13, ಸಿ-ಗೆ 16, ಬಿ-ಫ್ಲಾಟ್‌ಗೆ 18. ಅಳೆಯುವುದಕ್ಕಿಂತ ಊದುವುದು ಸುಲಭ: ಯಾವ ವಾಲ್ವನ್ನೂ ಒತ್ತದೆ ಊದಿ, ಸ್ವರ ತೋರಿಸುವ ಟ್ಯೂನರ್ ನೋಡಿ. ಇಲ್ಲಿ ಹಲವರು ಎಡವುತ್ತಾರೆ. ಬಿ-ಫ್ಲಾಟ್ ಟ್ಯೂಬಾವೂ ವಾಲ್ವ್ ಒತ್ತದೆ ತುಟಿಯಿಂದಲೇ ಬರುವ ತನ್ನ ಸ್ವರಸರಣಿಯಲ್ಲಿ ಎಫ್ ಸ್ವರ ಕೊಡುತ್ತದೆ. ಆದ್ದರಿಂದ ತುಟಿ ಸಡಿಲಿಸಿ ಆ ಸರಣಿಯಲ್ಲಿ ಒಂದು ಮೆಟ್ಟಿಲು ಇಳಿಯಿರಿ: ಕೆಳಗೆ ಸಿ ಅಥವಾ ಕೆಳ ಸ್ಥಾಯಿಯ ಎಫ್ ಸಿಕ್ಕರೆ ಎಫ್ ಟ್ಯೂಬಾ, ಬಿ-ಫ್ಲಾಟ್ ಅಥವಾ ಡಿ ಸಿಕ್ಕರೆ ಬಿ-ಫ್ಲಾಟ್ ಟ್ಯೂಬಾ. ಎಲ್ಲ ಸ್ವರಗಳೂ ಸುಮಾರು ಕಾಲು ಸ್ವರ ಏರಿದ್ದರೆ ಹಳೆಯ ಬ್ರಿಟಿಷ್ ಬ್ಯಾಂಡ್ ವಾದ್ಯವಿರಬಹುದು. ಅಲ್ಲಿ ಎ ಸ್ವರವನ್ನು 452 ಹರ್ಟ್ಸ್ ಆಸುಪಾಸಿಗೆ ಕೂಡಿಸುತ್ತಿದ್ದರು.

ವಾಲ್ವ್‌ನ ಬಗೆ ನೋಡಿ. ಬೆರಳು ಒತ್ತಿದಾಗ ಸನ್ನೆಕೋಲು ಚಲಿಸಿ ಒಳಗಿನ ಉರುಳೆ ತಿರುಗಿದರೆ ರೋಟರಿ, ಜರ್ಮನ್-ಆಸ್ಟ್ರಿಯನ್ ದಾರಿಯದು. ನೇರ ಕೆಳಗಿಳಿಯುವ ತೆಳ್ಳನೆಯ ಪಿಸ್ಟನ್ ಆದರೆ ಪ್ಯಾರಿಸ್‌ನ ಪೆರಿನೆ 1839ರಲ್ಲಿ ರೂಪಿಸಿದ ಬಗೆ. ಗಿಡ್ಡ, ದಪ್ಪ ಪಿಸ್ಟನ್ ಆದರೆ ಹಳೆಯ ಬರ್ಲಿನ್ ಶೈಲಿ. ಇದು ಅಪರೂಪ, ಉಜ್ಜಿ ಹೊಳಪು ಕೊಡಲು ಹೋಗಬೇಡಿ.

ಬಿಚ್ಚುವಾಗ ಪಿಸ್ಟನ್ ಮೇಲಿನ ಸಂಖ್ಯೆ ಗಮನಿಸಿ. ಅದಲುಬದಲಾಗಿ ಕೂಡಿಸಿದರೆ ಗಾಳಿಯೇ ದಾಟುವುದಿಲ್ಲ. ಜಾಮ್ ಆಗಿದ್ದರೆ ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ, ಇಕ್ಕಳ ಹಾಕಬೇಡಿ. ಗಾಳಿಬಿಗಿ ನೋಡಲು, ವಾಲ್ವ್ ಒತ್ತದೆ ಅದರ ಸ್ಲೈಡನ್ನು (ಎಳೆದು ಉದ್ದ ಮಾಡಬಹುದಾದ ಕೊಳವೆತುಂಡನ್ನು) ತುಸು ಎಳೆದು, ಆಮೇಲೆ ವಾಲ್ವ್ ಒತ್ತಿ. ‘ಪಟ್’ ಎಂದರೆ ಸರಿಯಿದೆ.

ಇನ್ನು ವಾಲ್ವ್‌ಗಳ ಸಂಖ್ಯೆ. ಟ್ಯೂಬಾದ ಬೆಳವಣಿಗೆಯೆಲ್ಲ ಇದರ ಸುತ್ತಲೇ ನಡೆದದ್ದು. ಬಿ-ಫ್ಲಾಟ್ ಟ್ಯೂಬಾದ 5.5 ಮೀಟರ್ ಕೊಳವೆಗೆ ಮೊದಲನೇ ವಾಲ್ವ್ ಸುಮಾರು 67 ಸೆಂ.ಮೀ., ಮೂರನೆಯದು 104 ಸೆಂ.ಮೀ. ಸೇರಿಸುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದಾಗ ಬೇಕಾದದ್ದು 184, ಸಿಗುವುದು 171. ಆ 13 ಸೆಂ.ಮೀ. ಕೊರತೆಯಿಂದ ಸ್ವರ ಏರುತ್ತದೆ. ಮೂರೇ ವಾಲ್ವ್ ಇದ್ದರೆ ಸ್ಲೈಡ್ ಎಳೆದೇ ಸರಿಪಡಿಸಬೇಕು. ನಾಲ್ಕನೆಯದಿದ್ದರೆ ಒಂದು-ಮೂರರ ಬದಲು ಅದನ್ನೇ ಒತ್ತಿ. ಒಂದು-ಎರಡು-ಮೂರರ ಬದಲು ಎರಡು-ನಾಲ್ಕು. ಪಿಸ್ಟನ್‌ಗಳ ಹಿಂದೆ ಹೆಚ್ಚುವರಿ ಪುಟ್ಟ ಕೊಳವೆಸುರುಳಿಗಳಿದ್ದರೆ ಅದು ಲಂಡನ್‌ನ ಬ್ಲೇಕ್ಲಿ 1874ರಲ್ಲಿ ರೂಪಿಸಿದ ಪರಿಹಾರ ವ್ಯವಸ್ಥೆ: ಗಾಳಿ ಎರಡನೇ ಸಲ ವಾಲ್ವ್‌ಗಳನ್ನು ಹಾದು ಕೊರತೆ ತುಂಬುತ್ತದೆ.

ಆರು ವಾಲ್ವ್ ಇದ್ದು ಮೈ ಚಿಕ್ಕದಿದ್ದರೆ ಫ್ರೆಂಚ್ ಸಿ ಟ್ಯೂಬಾ ಇರಬಹುದು, ದೊಡ್ಡ ಸಿ ಟ್ಯೂಬಾಕ್ಕಿಂತ ಒಂದು ಸ್ಥಾಯಿ ಮೇಲಿನದು. ಫ್ರೆಂಚ್ ಸಂಗೀತ ರಚನಕಾರ ರವೆಲ್ 1922ರಲ್ಲಿ ರಷ್ಯದ ರಚನಕಾರ ಮುಸೋರ್ಗ್‌ಸ್ಕಿಯ ಚಿತ್ರಪ್ರದರ್ಶನದ ಕೃತಿಯನ್ನು ಆರ್ಕೆಸ್ಟ್ರಾಕ್ಕೆ ಅಳವಡಿಸಿದಾಗ ಎತ್ತಿನಗಾಡಿಯನ್ನು ಚಿತ್ರಿಸುವ ಭಾಗವನ್ನು ಕೊಟ್ಟದ್ದು ಈ ವಾದ್ಯಕ್ಕೆ. ಅಷ್ಟು ಎತ್ತರದ ಸ್ವರಗಳಿರುವುದರಿಂದಲೇ ಇಂದು ಹಲವರು ಅದನ್ನು ಟ್ಯೂಬಾದ ಚಿಕ್ಕ ಸೋದರವಾದ್ಯ ಯೂಫೋನಿಯಂನಲ್ಲಿ ನುಡಿಸುತ್ತಾರೆ.