ದೇವರಿಗೊಂದು ದೂರು ಪುಸ್ತಕ

ಪದವಿಯ ಎರಡನೇ ವರ್ಷದ ಮಳೆಗಾಲದಲ್ಲಿ ಎಲ್ಲವೂ ಒಟ್ಟಿಗೇ ಬಂದವು. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ತಗುಲಿತ್ತು, ಅದರ ಬೆನ್ನಿಗೇ ಕಾಯಿ ಉದುರಿಸುವ ಕೊಳೆರೋಗ. ಇತ್ತ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದ ನಾನು ರಸಾಯನಶಾಸ್ತ್ರದ ಒಂದು ಪತ್ರಿಕೆಯಲ್ಲಿ ನಪಾಸಾಗಿದ್ದೆ. ರಾತ್ರಿ ನಿದ್ದೆಯಿಲ್ಲ, ಹಗಲು ತರಗತಿಯಲ್ಲಿ ತೂಕಡಿಕೆ.

ನಮ್ಮ ಚರ್ಚಿನ ಪ್ರಾರ್ಥನಾ ಕೂಟದ ಹಿರಿಯರೊಬ್ಬರು, "ವಿಶ್ವಾಸ ಗಟ್ಟಿಯಾಗಿದ್ದರೆ ಚಿಂತೆ ಹತ್ತಿರ ಸುಳಿಯುವುದಿಲ್ಲಮ್ಮ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಈ ಮಾತು ನೊಂದವರ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸುತ್ತದೆ: ದುಃಖದ ಜೊತೆಗೆ, ದುಃಖಪಟ್ಟೆನಲ್ಲ ಎಂಬ ಅಪರಾಧಿ ಭಾವ. ಬೈಬಲಿನಲ್ಲಿ ಫಿಲಿಪ್ಪಿ ಊರಿನ ವಿಶ್ವಾಸಿಗಳಿಗೆ ಚಿಂತೆ ಮಾಡಬೇಡಿ ಎಂದು ಬರೆದ ಸಂತ ಪೌಲರೇ, ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಆರಂಭದಲ್ಲಿ, ಬದುಕುವ ಆಸೆಯನ್ನೇ ಬಿಡುವಷ್ಟು ಜರ್ಜರಿತರಾಗಿದ್ದೆವು ಎಂದು ಹೇಳಿಕೊಂಡಿದ್ದಾರೆ. ಮೊದಲನೆಯದನ್ನು ಎಲ್ಲರೂ ಉದ್ಧರಿಸುತ್ತಾರೆ, ಎರಡನೆಯದನ್ನು ಯಾರೂ ಎತ್ತುವುದಿಲ್ಲ.

ನನಗೆ ಮೊದಲು ದಾರಿ ತೋರಿಸಿದ್ದು ಪ್ರವಾದಿ ಎಲೀಯನ ಕಥೆ. ಬೈಬಲಿನ ಅರಸುಗಳ ಮೊದಲನೇ ಗ್ರಂಥದ 19ನೇ ಅಧ್ಯಾಯದಲ್ಲಿ ಆತ ರಾಣಿಗೆ ಹೆದರಿ ಅಡವಿಗೆ ಓಡಿಹೋಗುತ್ತಾನೆ. ಒಂದು ಗಿಡದ ಕೆಳಗೆ ಕುಳಿತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎನ್ನುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ, ಗದರುವುದೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಡುತ್ತಾನೆ, ಎಲೀಯ ತಿಂದು ಮಲಗುತ್ತಾನೆ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. "ನಿನಗೆ ಇಲ್ಲಿ ಏನು ಕೆಲಸ?" ಎಂಬ ದೇವರ ಪ್ರಶ್ನೆ ಬರುವುದು ಆಮೇಲೆ, ಹೋರೇಬ್ ಬೆಟ್ಟದಲ್ಲಿ.

ಈ ಕ್ರಮವನ್ನೇ ನಾನೂ ಹಿಡಿದೆ. ಹಾಸ್ಟೆಲಿನ ಉಪ್ಪಿಟ್ಟು ಎಷ್ಟೇ ಸಪ್ಪೆಯಾಗಿದ್ದರೂ ಬೆಳಗ್ಗೆ ತಿಂದೇ ಹೊರಡುವುದು. ಹನ್ನೊಂದಕ್ಕೆ ದೀಪ ಆರಿಸಿ, ಮೊಬೈಲನ್ನು ಟ್ರಂಕಿನೊಳಗೆ ಇಟ್ಟು ಮಲಗುವುದು. ಮಳೆ ಬಿಟ್ಟ ಸಂಜೆ ತುಂಗೆಯ ಕಡೆಗೆ ಒಂದು ಸುತ್ತು ನಡೆಯುವುದು. ಇದರಲ್ಲಿ ಆಧ್ಯಾತ್ಮಿಕವಾದದ್ದು ಏನಿದೆ ಎಂದು ಕೇಳುವವರಿಗೆ ಎಲೀಯನ ರೊಟ್ಟಿಯನ್ನು ನೆನಪಿಸುತ್ತೇನೆ.

ನಿಜವಾಗಿ ಕೈ ಹಿಡಿದದ್ದು ಮಾತ್ರ ಕೀರ್ತನೆಗಳು. ಬೈಬಲಿನ 150 ಕೀರ್ತನೆಗಳಲ್ಲಿ ಮೂರನೇ ಒಂದು ಭಾಗದಷ್ಟು ಅಳಲು, ದೂರು, ಮೊರೆ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲನ್ನೇ. ನಾನು ಮಾದರಿಯಾಗಿ ಇಟ್ಟುಕೊಂಡದ್ದು 13ನೆಯದನ್ನು. ಆರೇ ವಚನ. ಮೊದಲ ಎರಡರಲ್ಲಿ "ಇನ್ನೆಷ್ಟು ಕಾಲ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯಲ್ಲಿ ಭರವಸೆ. ಇದೇ ಕಟ್ಟಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನನ್ನ ದೂರು ಬರೆಯತೊಡಗಿದೆ. ಆ ಮಳೆಗಾಲದ ಒಂದು ಪುಟ ಹೀಗಿದೆ:

"ಸ್ವಾಮಿ, ಇನ್ನೆಷ್ಟು ದಿನ ಈ ಮಳೆ? ಅಪ್ಪ ಕೊಳೆ ಔಷಧಿ ಹೊಡೆಸಲು ಸೊಸೈಟಿಯಲ್ಲಿ ಸಾಲ ತೆಗೆದಿದ್ದಾರೆ, ಔಷಧಿ ಒಣಗಲು ಒಂದು ಹೊತ್ತು ಬಿಸಿಲು ಕೊಡಲಿಲ್ಲ ನೀನು. ಪರೀಕ್ಷೆಯ ವಿಷಯ ಅಮ್ಮನಿಗೆ ಹೇಗೆ ಹೇಳಲಿ? ಹೇಳುವಾಗ ಅಳದ ಹಾಗೆ ನೋಡಿಕೋ. ಹೋದ ವರ್ಷ ಶುಲ್ಕ ಕಟ್ಟುವ ಹೊತ್ತಿಗೆ ದೊಡ್ಡಮ್ಮ ತಾವಾಗಿಯೇ ದುಡ್ಡು ತಂದುಕೊಟ್ಟದ್ದು ಮರೆತಿಲ್ಲ."

ಕೊನೆಯ ಸಾಲಿಗೆ ಒಂದು ನಿಯಮವಿದೆ: ಅಲ್ಲಿ ಒಳ್ಳೆಯ ಮಾತು ಬರೆಯುವಂತಿಲ್ಲ, ನಡೆದ ಸಂಗತಿಯನ್ನೇ ಬರೆಯಬೇಕು. "ಎಲ್ಲ ಸರಿಹೋಗುತ್ತದೆ" ಎಂದು ಬರೆದರೆ ನನಗೇ ನಂಬಿಕೆ ಹುಟ್ಟುವುದಿಲ್ಲ. ದೊಡ್ಡಮ್ಮನ ದುಡ್ಡನ್ನು ನಂಬಬಹುದು.

ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಕಲಕಿದ ಘಟನೆಗಳ ಬಗ್ಗೆ ಬರೆಸಿದ್ದರು. ಬರೆದ ಕೂಡಲೇ ಅವರಿಗೆ ಹಗುರವೆನಿಸಲಿಲ್ಲ, ಬೇಸರ ಇನ್ನಷ್ಟು ಹೆಚ್ಚಿತ್ತು. ಪ್ರಯೋಜನ ಕಂಡದ್ದು ತಿಂಗಳುಗಳ ನಂತರ. ನನ್ನ ಅನುಭವವೂ ಅದೇ. ಹಾಗಾಗಿ ಹದಿನೈದು ನಿಮಿಷಕ್ಕೆ ಅಲಾರಾಂ ಇಡುತ್ತೇನೆ, ಹೊಡೆದರೆ ನಿಲ್ಲಿಸುತ್ತೇನೆ. ದೂರು ಬರೆಯುವುದಕ್ಕೂ ಅದರಲ್ಲೇ ಮುಳುಗಿರುವುದಕ್ಕೂ ವ್ಯತ್ಯಾಸವಿದೆ.

ಹೊಸನಗರದ ರೂಮ್‌ಮೇಟ್ ಒಂದು ದಿನ ಪುಟ ಇಣುಕಿ, "ನೀನು ದೇವರನ್ನೇ ಬೈಯುತ್ತೀಯಲ್ಲೇ!" ಎಂದು ಬೆರಗಾದಳು. ಆಮೇಲೆ ಅವಳೇ, "ದಾಸರ ನಿಂದಾಸ್ತುತಿಯೂ ಹೀಗೇ ಅಲ್ಲವೇ" ಎಂದಳು. ಅವಳೊಡನೆ ಮಾತು ಬೆಳೆದದ್ದು ಆ ದಿನದಿಂದ. ಮನೆಗೆ ಫೋನ್ ಮಾಡಿ ನಪಾಸಾದ ಸುದ್ದಿ ಹೇಳುವಾಗ ಪಕ್ಕದಲ್ಲಿ ಕುಳಿತಿದ್ದವಳೂ ಅವಳೇ. ಅಮ್ಮ ಕೇಳಿದ್ದು ಒಂದೇ, "ಮತ್ತೆ ಕಟ್ಟಲು ಕೊನೆಯ ದಿನ ಯಾವತ್ತು?"

ಭಾನುವಾರದ ಪೂಜೆಯ ಗಾಯನ ವೃಂದವನ್ನೂ ಬಿಡಲಿಲ್ಲ. ಪ್ರಾರ್ಥಿಸಲು ಮನಸ್ಸೇ ಬಾರದ ವಾರಗಳಲ್ಲಿ ಉಳಿದವರ ದನಿಯ ಜೊತೆ ದನಿ ಸೇರಿಸಿದರೆ ಸಾಕಾಗುತ್ತಿತ್ತು.

ಇಷ್ಟಕ್ಕೂ ಬಗ್ಗದ ಸ್ಥಿತಿಯೂ ಇರುತ್ತದೆ. ಎರಡು ವಾರ ಕಳೆದರೂ ಮಂಕು ಕವಿದೇ ಇದ್ದರೆ ಅದು ವೈದ್ಯರಿಗೆ ತೋರಿಸಬೇಕಾದದ್ದು. ನಿದ್ದೆ ಹತೋಟಿಗೆ ಬಾರದಿದ್ದಾಗ ನಾನು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಈ ಸಹಾಯವಾಣಿ ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿಯೇ ಮಾತನಾಡಬಹುದು. ಗುರುಗಳ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗೆ ಹೋಗಲು ಹಿಂಜರಿಯದ ನಮ್ಮವರು ಇಲ್ಲಿ ಏಕೆ ಹಿಂಜರಿಯುತ್ತಾರೋ ತಿಳಿಯದು. ಜ್ವರಕ್ಕೆ ಮಾತ್ರೆ ನುಂಗುವಾಗ ಯಾರೂ ವಿಶ್ವಾಸದ ಲೆಕ್ಕ ಕೇಳುವುದಿಲ್ಲವಲ್ಲ.

ಈಗ ಯುವಜನರ ಕೂಟದಲ್ಲಿ ಕಿರಿಯರು ಕೇಳಿದರೆ ದೂರು ಬರೆಯುವುದನ್ನು ಹೇಳಿಕೊಡುತ್ತೇನೆ. ಶುರುಮಾಡುವವರಿಗೆ 13 ಅಥವಾ 42ನೇ ಕೀರ್ತನೆ ಸಾಕು. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಭರವಸೆಯ ಸಾಲು ಕೊನೆಗೂ ಬರುವುದಿಲ್ಲ. ಅದನ್ನು ಒಬ್ಬರೇ ಕುಳಿತು ರಾತ್ರಿ ಓದಬೇಡಿ, ಜೊತೆಗೆ ಯಾರಾದರೂ ಇರುವಾಗ ಓದಿ ಎನ್ನುತ್ತೇನೆ.